ಗಾಲಿಯಿಂದ ಕಿತ್ತ ಮುಳ್ಳು

ತಂಗೆವ್ವಾ, ತಮ್ಮಾ, ನಿಮ್ಮ ಅಜ್ಜಿ ನಾನು, ನಿಮ್ಮ ಅವ್ವನ ಕರೆಂಟ್ ಸ್ಕೂಟರ್ ಗಾಡಿ ಪಂಕ್ಚರ್ ಆದ ದಿನದ ಸಂಗತಿ ಬರೆಯುತ್ತಿದ್ದೇನೆ. ಬಾಯಿಬಿಟ್ಟು ಹೇಳುವುದು ನನ್ನಿಂದ ಆಗಲಿಲ್ಲ.

ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಿದ್ದ ಆಕೆ ಅಂದು ಹನ್ನೊಂದು ಗಂಟೆಯೊಳಗೆ ಕೊಪ್ಪಳದಲ್ಲಿ ಮೂಲ ಕಾಗದಪತ್ರ ತೋರಿಸಬೇಕಿತ್ತು. ಚೀಲ ಹಿಡಿದು ನಾನು ಹಿಂದೆ ಕುಳಿತಿದ್ದೆ. ಅಳವಂಡಿ ಇನ್ನೂ ಎರಡು ಮೈಲಿ ಇರುವಾಗ ಗಾಡಿ ತೂಗಾಡತೊಡಗಿತು. ಇಳಿದು ನೋಡಿದರೆ ಹಿಂದಿನ ಗಾಲಿ ಸ್ವಲ್ಪ ಮೆತ್ತಗಾಗಿತ್ತು. ಯಾರಿಗಾದರೂ ಫೋನ್ ಮಾಡಲು ಸಿಗ್ನಲ್ ಹುಡುಕುತ್ತ ಆಕೆ ಹೊಲದ ಬದುವಿನ ಮೇಲೆ ಹೋದಳು.

ನಾನು ಬಗ್ಗಿ ನೋಡಿದೆ. ಟಾಯರಿನಲ್ಲಿ ಜಾಲಿಮುಳ್ಳು ಚುಚ್ಚಿತ್ತು. ಹೊಲದಲ್ಲಿ ದುಡಿದ ಕೈ, ಮುಳ್ಳು ಕಂಡರೆ ಸುಮ್ಮನಿರುವುದಿಲ್ಲ. ಕಾಲಿಗೆ ನೆಟ್ಟದ್ದನ್ನು ತೆಗೆದಂತೆ ಉಗುರಿನಿಂದ ಹಿಡಿದು ಕಿತ್ತೆ. ಸುಯ್ಯೆಂದು ಗಾಳಿಯೆಲ್ಲ ಹೋಗಿ ಗಾಲಿ ನೆಲಕ್ಕೆ ಕೂತಿತು. ಹೆದರಿ ಮುಳ್ಳನ್ನು ಹುಲ್ಲಿನಲ್ಲಿ ಒಗೆದೆ.

ಬಸ್ಸು ಆಗಲೇ ಹೋಗಿತ್ತು. ಫೋನೂ ಹತ್ತಲಿಲ್ಲ. ಬ್ಯಾಟರಿ ತುಂಬ ಇದ್ದೂ ಗಾಡಿ ಏರುವಂತಿರಲಿಲ್ಲ. ಆಕೆ ಪಕ್ಕದಲ್ಲಿ ನಡೆಯುತ್ತ ಎಕ್ಸಲೇಟರ್ ಚೂರೇ ತಿರುವುತ್ತಿದ್ದಳು; ಗಾಡಿ ಒಲ್ಲದ ಎಮ್ಮೆಯಂತೆ ಹೆಜ್ಜೆ ಹಾಕುತ್ತಿತ್ತು. ಹಿಂದಿನಿಂದ ದೂಡುತ್ತ ನನ್ನ ಮೊಣಕಾಲು ಸೋತವು. ಅಲ್ಲಲ್ಲಿ ಕೂತೆ. ಕೂತಾಗಲೆಲ್ಲ ಆಕೆಯೂ ನಿಂತಳು.

ಅಳವಂಡಿಯ ಪಂಕ್ಚರ್ ಅಂಗಡಿಯ ಮುದುಕ ಗಾಲಿ ತಿರುಗಿಸಿ ತೂತು ಹುಡುಕಿದ.

"ಇದರಾಗ ಟ್ಯೂಬ್ ಇರಂಗಿಲ್ರಿ. ಮುಳ್ಳು ಇದ್ದಂಗ ಬಿಟ್ಟಿದ್ರ ಮೆಲ್ಲಕ ಇಲ್ಲಿತನಕ ಬರ್ತಿದ್ರಿ. ಕಿತ್ತ ಶ್ಯಾಣ್ಯಾ ಯಾರು?"

ನಾನು ಚೀಲದ ಬಾಯಿ ಬಿಗಿಯತೊಡಗಿದೆ.

"ನಾನ ಕಿತ್ತೀನ್ರಿ, ಚಾಚಾ," ಎಂದಳು ನಿಮ್ಮ ಅವ್ವ. ನನ್ನ ಕಡೆ ನೋಡಲೂ ಇಲ್ಲ.

ಆತ ತೂತಿಗೆ ರಬ್ಬರಿನ ಬತ್ತಿ ತುರುಕಿ, ಗಾಳಿ ತುಂಬಿದ. ಚಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಹೊತ್ತು ಹೋದದ್ದು ನಡೆದ ದಾರಿಯಲ್ಲಿ. ಕೊಪ್ಪಳ ಮುಟ್ಟಿದಾಗ ಹನ್ನೆರಡಾಗಿತ್ತು. ಪರಿಶೀಲನೆ ಮುಗಿದಿದೆ ಎಂದರು. ಆ ಕೆಲಸ ಬೇರೆಯವರಿಗಾಯಿತು.

ಹಿಂದಿರುಗುವಾಗ ಆಕೆ ಕೇಳಿದ್ದು ಒಂದೇ: "ಅತ್ತೀ, ಮಣಕಾಲು ಭಾಳ ನೋಯಾಕತ್ತಾವೇನು?"

ಕಿತ್ತವಳು ನಾನೆಂದು ಆಕೆಗೆ ಗೊತ್ತು. ಆದರೂ ಅದನ್ನು ನಾನೇ ಹೇಳಬೇಕಿತ್ತಲ್ಲ. ಎಷ್ಟೋ ಸಲ ರೊಟ್ಟಿ ಬಡಿಯುತ್ತ ಬಾಯಿ ತೆರೆದು, ಉಪ್ಪು ಕೇಳಿ ಸುಮ್ಮನಾಗಿದ್ದೇನೆ. ಆಕೆ ಪುರಸೊತ್ತಾಗಿ ಕೂತ ದಿನ ನೀವೇ ಇದನ್ನು ಓದಿ ಹೇಳಿ. ಆಗ ನಾನು ಹಿತ್ತಲಿಗೆ ಹೋಗಿರುತ್ತೇನೆ. ಅಲ್ಲಿಯತನಕ ಈ ಹಾಳೆಗಳಿಗೆ ನೀರು ತಾಗದಂತೆ ಜತನವಾಗಿಡಿ.