ರೋಗ ತಾಕದ ಹೂದೋಟ

ಬೇರು ಮಣ್ಣು ಬಿಟ್ಟು ಬರುವಾಗ ಒಂದು ಸದ್ದಾಗುತ್ತದೆ, ಹಳೆಯ ಸೀರೆ ಮೆಲ್ಲಗೆ ಹರಿದ ಹಾಗೆ. ರಾಜಾಜಿನಗರದ ನಮ್ಮ ಮನೆಯಲ್ಲಿ ಬೆಳಗಿನ ಕಾಫಿಗೆ ಮೊದಲೇ ಅದು ಕೇಳಿಸುತ್ತಿತ್ತು. ನಾನೂ ತಂಗಿ ವನಜಳೂ ಹಾಸಿಗೆಯಲ್ಲೇ, ಇವತ್ತು ಹೋದದ್ದು ಯಾವ ಗಿಡ ಎಂದು ಊಹಿಸುತ್ತಿದ್ದೆವು. ಕೀಳುತ್ತಿದ್ದವರು ದೊಡ್ಡಮ್ಮ, ಅಪ್ಪನ ಅಣ್ಣನ ಹೆಂಡತಿ. ಗಾರ್ಡನ್ ವಿಷಯದಲ್ಲಿ ನಮ್ಮ ಕಾನ್ವೆಂಟಿನ ಮದರ್ ಕೂಡ ಅಷ್ಟು ಸ್ಟ್ರಿಕ್ಟ್ ಅಲ್ಲ. ಎಲೆ ಮಗುಚಿ ನೋಡುವರು. ಹಿಂದೆ ಬೂದಿ ಹಿಡಿದಿದ್ದರೆ, ಚುಕ್ಕೆ ಬಿದ್ದಿದ್ದರೆ, ಆ ಗಿಡ ಬುಡಸಮೇತ ಬೆಂಕಿಗೆ. ಗುಲಾಬಿ ಹೋಯಿತು, ಕನಕಾಂಬರ ಹೋಯಿತು. "ಔಷಧಿ ಹೊಡೀಬಾರ್ದಾ ಅಕ್ಕ?" ಎಂದು ಅಮ್ಮ ಕೇಳಿದರೆ, "ಒಂದನ್ನ ಉಳಿಸಕ್ಕೆ ಹೋಗಿ ಹತ್ತು ಸಾಯಿಸ್ಲಾ?" ಎನ್ನುತ್ತಿದ್ದರು.

ಕೊನೆಗೆ ಉಳಿದದ್ದು ನಂದಿಬಟ್ಟಲು, ಸ್ಫಟಿಕ, ಬಿಳಿ ಕಾಶಿಕಣಗಿಲೆ. ವರ್ಷವರ್ಷವೂ ತಾವೇ ಚಿಗುರುವ, ಯಾವ ರೋಗಕ್ಕೂ ಜಗ್ಗದ ಹೂಗಳು. ಸಂಜೆ ಮಬ್ಬಾದಾಗ ಆ ಬಿಳುಪೆಲ್ಲ ನೆಲದಿಂದ ಸ್ವಲ್ಪ ಮೇಲೆ ತೇಲುತ್ತಿರುವಂತೆ ಕಾಣುತ್ತಿತ್ತು. ಹುಳ ತಿಂದ ಒಂದು ಎಲೆಯೂ ಇಲ್ಲದ ತೋಟವನ್ನು ನೀವು ನೋಡಿದ್ದೀರಾ? ತುಂಬಾ ಪರ್ಫೆಕ್ಟ್, ಒಬ್ಬಳೇ ನಿಂತರೆ ಆ ಗಿಡಗಳೇ ನನ್ನನ್ನು ಪರೀಕ್ಷಿಸುತ್ತಿವೆ ಅನ್ನಿಸುತ್ತಿತ್ತು. ಈಗ ಅಲ್ಲಿ ಅಪಾರ್ಟ್‌ಮೆಂಟ್. ಪಾರ್ಕಿಂಗ್‌ನ ಸಿಮೆಂಟು ಬಿರುಕಲ್ಲಿ ಕಾಶಿಕಣಗಿಲೆ ಯಾರೂ ನೆಡದೆ ಎದ್ದು ಬರುತ್ತದೆ, ಎಲೆ ಮೇಲೆ ಒಂದು ಕಲೆಯಿಲ್ಲದೆ.

ಆಗಿನ ಒಂದು ಮಳೆಗಾಲ ವನಜಳ ಗಂಟಲು ಕಟ್ಟಿತು. ದೊಡ್ಡಮ್ಮ ಅವಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಬಾಯಿ ತೆಗೆಸಿ, ಎಲೆ ನೋಡುವಷ್ಟೇ ಹೊತ್ತು ನೋಡಿದರು. ಒಳಗೆ ಬೂದುಬಣ್ಣದ ಪೊರೆ. "ಇವಳನ್ನ ಬೇರೆ ರೂಮಿಗೆ ಹಾಕಿ. ಮಿಕ್ಕೋರು ಆ ಕಡೆ ಸುಳೀಬಾರ್ದು" ಎಂದು ಹೊರಗೆ ಹೋದರು. ನಾನು ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತೆ, ಅವರು ವಾಪಸ್ ಬಂದರೆ ತಡೆಯಬೇಕೆಂದು. ಒಳಗಿನಿಂದ ವನಜ ಪಿಸುಗುಟ್ಟಿದಳು.

"ಅಕ್ಕ, ದೊಡ್ಡಮ್ಮ ತೋಟದಲ್ಲಿದಾರಾ?"

"ಇದಾರೆ."

"ಬೆಂಕಿ ಹಾಕಿದಾರಾ?"

"ಇಲ್ಲ ಕಣೇ, ಮಲಕ್ಕೋ" ಎಂದೆ. ಹಿತ್ತಲಿನ ಹೊಗೆ ಆಗಲೇ ಹಜಾರಕ್ಕೆ ಬಂದಿತ್ತು.

ಮಧ್ಯಾಹ್ನ ಡಾಕ್ಟರು ಬಂದು ಡಿಫ್ತೀರಿಯಾ ಎಂದರು. ಆಸ್ಪತ್ರೆಯ ಐಸೊಲೇಷನ್ ವಾರ್ಡಿನಲ್ಲಿ ಜೊತೆಗೆ ಒಬ್ಬರೇ ಇರಬಹುದು, ಇದ್ದವರಿಗೂ ರಿಸ್ಕ್. ಅಮ್ಮನ ಮಡಿಲಲ್ಲಿ ಹಾಲು ಕುಡಿಯುವ ಪಾಪು. ದೊಡ್ಡಮ್ಮ ಸೆರಗು ಸಿಕ್ಕಿಸಿ, ಕೈ ತೊಳೆದು, ವನಜಳನ್ನು ಎತ್ತಿಕೊಂಡರು. ನಾನು ಅಡ್ಡ ನಿಂತು, "ಅವಳನ್ನ ಬಿಟ್ಬಿಡಿ" ಎಂದೆ.

"ಹುಚ್ಚಿ, ಬಿಡೋದಾಗಿದ್ರೆ ಯಾಕೆ ಎತ್ಕೊಳ್ತಿದ್ದೆ? ಸರಿ ಆ ಕಡೆ."

ದಸರೆಯ ಹೊತ್ತಿಗೆ ವನಜ ಮನೆಗೆ ಬಂದಳು. ದೊಡ್ಡಮ್ಮನಿಗೆ ಅದು ವಾರ್ಡಿನಲ್ಲೇ ತಗುಲಿತು, ಅವರು ಬರಲಿಲ್ಲ. ನಾನು ಅವರನ್ನು ಕೊನೆಯ ಸಲ ನೋಡಿದ್ದು ಆ ಮಧ್ಯಾಹ್ನ, ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ. ತಂಗಿಯ ಸುಡುವ ಕೆನ್ನೆಗೆ ಕೆನ್ನೆ ಒತ್ತಿಕೊಂಡು, ನನ್ನ ಕಡೆ ಉಸಿರೂ ಬಾರದಂತೆ ಕಿಟಕಿಯ ಗಾಜು ಏರಿಸುತ್ತಿದ್ದರು.