ಬೋರಲಕ್ಕನ ಬೆನ್ನಿಗೊಂದು ಕಾವಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮುಚ್ಚಿಹೋದ ಇಟ್ಟಿಗೆ ಕಾರ್ಖಾನೆಯ ಬಯಲಿನಲ್ಲಿ ಹೆಂಗಸೊಬ್ಬರು ನೆಲಕ್ಕೆ ಬೋರಲಾಗಿ ಮಲಗಿದ್ದಾರೆ. ಮೊಣಕೈ ಮಣ್ಣಿನಲ್ಲಿ, ಗಲ್ಲ ಇಬ್ಬನಿಯಲ್ಲಿ, ಕಣ್ಣು ಕ್ಯಾಮೆರಾದಲ್ಲಿ. ಲೆನ್ಸಿನ ಮುಂದೆ ಸಾಸಿವೆ ಕಾಳಿಗಿಂತ ತುಸುವೇ ದೊಡ್ಡದಾದ ಬಿಳಿ ಹೂವು. ಉಸಿರು ಬಿಗಿಹಿಡಿದು ಬೆರಳನ್ನು ಗುಂಡಿಯ ಮೇಲಿಡುತ್ತಾರೆ. ಒತ್ತುವ ಮೊದಲೇ ತಲೆ ಎತ್ತಿ ಹಿಂದೆ ನೋಡುತ್ತಾರೆ. ಬಯಲಿನಲ್ಲಿ ಏನೂ ಅಲುಗುತ್ತಿಲ್ಲ. ಮತ್ತೆ ಕಣ್ಣಿಡುತ್ತಾರೆ, ಮತ್ತೆ ಹಿಂದೆ ತಿರುಗುತ್ತಾರೆ.

ಹಿಂದೆ, ಕೆಲವೇ ಹೆಜ್ಜೆ ದೂರದಲ್ಲಿ, ಮಡಿಸುವ ಕುರ್ಚಿಯ ಮೇಲೆ ಅವರ ಅತ್ತೆ ಕೋಲು ಹಿಡಿದು ಕೂತಿದ್ದಾರೆ. ಸೊಸೆಯ ಕಡೆ ಬೆನ್ನು, ಬಯಲಿನ ಕಡೆ ಮುಖ.

ಸೊಸೆಯನ್ನು ಊರು ಕರೆಯುವುದು ಬೋರಲಕ್ಕ ಎಂದು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದೇ ಕೋಣೆಯ ಫೋಟೊ ಸ್ಟುಡಿಯೊ ಇವರದು. ಗಂಡ ಲಾರಿ ಚಾಲಕ. ಮನೆಗಿಂತ ರಸ್ತೆಯಲ್ಲಿರುವುದೇ ಹೆಚ್ಚು. ವರ್ಷವಿಡೀ ಬೋರಲಕ್ಕ ಗುರುತಿನ ಚೀಟಿಗೆ ಬೇಕಾದ ಮುಖಗಳನ್ನು ತೆಗೆಯುತ್ತಾರೆ. ಚಳಿ ಕಳೆದು ವಸಂತ ಕಾಲಿಡುವ ಕೆಲವು ವಾರ ಮಾತ್ರ ನಸುಕಿಗೇ ಎದ್ದು ಪುಟಾಣಿ ಕಾಡುಹೂಗಳ ಬೆನ್ನು ಹತ್ತುತ್ತಾರೆ. ಬಿಸಿಲೇರಿ ಗಾಳಿ ಎದ್ದಿತೋ, ಅಂದಿನ ಕೆಲಸ ಮುಗಿದಂತೆ. ಇಷ್ಟು ಹತ್ತಿರದಿಂದ ತೆಗೆಯುವಾಗ ಹೂವು ಕೂದಲೆಳೆಯಷ್ಟು ಅಲುಗಿದರೂ ಚಿತ್ರ ಕಲಸಿಹೋಗುತ್ತದೆ. ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರು ಸಿದ್ಧಪಡಿಸುತ್ತಿರುವ ಪುಸ್ತಕದಲ್ಲಿ ಮುಕ್ಕಾಲು ಪಾಲು ಚಿತ್ರಗಳು ಇವರವೇ. ಪಕ್ಕದ ಜೆರಾಕ್ಸ್ ಅಂಗಡಿಯವನಿಗೂ ಈ ವಿಷಯ ತಿಳಿದಿಲ್ಲ.

ಲೆನ್ಸು ಮಾವನ ಕಾಲದ್ದು. ಅವರು ಒಡವೆ ಅಂಗಡಿಗಳಿಗೆ ಉಂಗುರ, ಓಲೆಗಳ ಫೋಟೊ ತೆಗೆದುಕೊಡುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಅದು ಕಪಾಟು ಸೇರಿತ್ತು. ಗಿರಾಕಿಗಳಿಲ್ಲದ ಒಂದು ದಿನ ಬೋರಲಕ್ಕ ಅದನ್ನು ಒರೆಸಿ, ಸ್ಟುಡಿಯೊ ಮೆಟ್ಟಿಲಿನ ಬಿರುಕಿನಲ್ಲಿದ್ದ ಕಳೆಗಿಡದತ್ತ ಸುಮ್ಮನೆ ಹಿಡಿದರು. ಹೂವೆಂದು ಲೆಕ್ಕಕ್ಕೇ ಇಲ್ಲದ ಒಂದು ಚುಕ್ಕಿಯೊಳಗೆ ಐದು ಎಸಳು, ಎಸಳಿಗೆಲ್ಲ ನೀಲಿ ನರ.

"ಇಷ್ಟು ವರ್ಷ ಇದನ್ನ ತುಳ್ಕೊಂಡೇ ಒಳಗೆ ಬರ್ತಿದ್ನಲ್ಲ ಅನ್ನಿಸ್ತು. ಅವತ್ತಿಂದ ನೆಲ ನೋಡ್ಕೊಂಡೇ ನಡೆಯೋದು. ಎದುರಿಗೆ ಬಂದವರು ಇವಳಿಗೆ ಜಂಬ ಅಂತಾರೆ," ಎಂದು ಪತ್ರಿಕೆಯಿಂದ ಬಂದವರೊಡನೆ ಹೇಳಿ ನಗುತ್ತಾರೆ.

ಹೋದ ವಸಂತದಲ್ಲಿ ನಡೆದದ್ದನ್ನು ಹೇಳುವಾಗ ಮಾತ್ರ ಆ ನಗು ಇಲ್ಲ. ಆಗ ಕಾವಲಿಗೆ ಯಾರೂ ಬರುತ್ತಿರಲಿಲ್ಲ. ಇದೇ ಬಯಲಿನಲ್ಲಿ ಮಲಗಿ ಫೋಕಸ್ ಹುಡುಕುತ್ತಿದ್ದಾಗ ಕಿವಿಯ ಹಿಂದೆ ಬಿಸಿ ಉಸಿರು ತಾಕಿತು. ಇಟ್ಟಿಗೆ ಸುಡುತ್ತಿದ್ದ ಹಾಳುಬಿದ್ದ ಗೂಡುಗಳಲ್ಲಿ ಸೇರಿಕೊಂಡಿದ್ದ ನಾಯಿಗಳ ಹಿಂಡು ಸುತ್ತುವರಿದಿತ್ತು. ನೆಲಕ್ಕೆ ಬಿದ್ದವರನ್ನು ನಾಯಿ ಬಿಡುವುದಿಲ್ಲ ಎಂದು ಯಾವಾಗಲೋ ಕೇಳಿದ್ದು ನೆನಪಾಯಿತು. ಏಳಲು ಹೋದಾಗ ಮೀನಖಂಡಕ್ಕೆ ಹಲ್ಲು ಇಳಿಯಿತು. ಕ್ಯಾಮೆರಾವನ್ನು ಕತ್ತಿನ ಮೇಲೆ ಒತ್ತಿಕೊಂಡು ಮುಖವನ್ನು ಮಣ್ಣಿಗೆ ಹುದುಗಿಸಿಬಿಟ್ಟರು. ದಾರಿಯಲ್ಲಿ ಹೋಗುತ್ತಿದ್ದ ಹಾಲಿನ ವ್ಯಾನಿನ ಚಾಲಕ ಕಂಡು, ಹಾರ್ನ್ ಒತ್ತಿಹಿಡಿದು ಬಯಲಿಗೇ ವ್ಯಾನು ನುಗ್ಗಿಸಿದ್ದರಿಂದ ಜೀವ ಉಳಿಯಿತು.

ಗಾಯ ಮಾಯಿತು, ಅಂಜಿಕೆ ಮಾಯಲಿಲ್ಲ. ಮನೆಯ ಹಾಸಿಗೆಯ ಮೇಲೂ ಬೋರಲಾಗಿ ಮಲಗಲು ಆಗುತ್ತಿರಲಿಲ್ಲವಂತೆ. ಬಿಟ್ಟೇಬಿಟ್ಟೆ ಎಂದುಕೊಂಡಿದ್ದಾಗ ಮೇಷ್ಟ್ರ ಫೋನ್ ಬಂತು. ಈ ಬಿಳಿ ಹೂವು ಸುತ್ತಮುತ್ತ ಬೇರೆಲ್ಲೂ ಅವರಿಗೆ ಸಿಕ್ಕಿಲ್ಲ. ಬಯಲನ್ನು ಸಮತಟ್ಟು ಮಾಡಿ ಗೋದಾಮು ಕಟ್ಟುತ್ತಾರಂತೆ. ಇನ್ನೊಂದು ವಸಂತ ಇದಕ್ಕಿಲ್ಲ. ಹೋಗಲೇಬೇಕೆಂದು ಅವರು ಒತ್ತಾಯಿಸಲಿಲ್ಲ. ಬೋರಲಕ್ಕನೇ ಹೊರಟರು. ಕಾರ್ಖಾನೆಯ ಗೇಟು ಮುಟ್ಟಿ, ಕಾಲು ಮುಂದೆ ಬಾರದೆ ವಾಪಸಾದರು. ಮರುದಿನವೂ ಅದೇ ಕತೆ. ಮುಂದಿನ ನಸುಕಿಗೆ ಚಪ್ಪಲಿ ಮೆಟ್ಟುವಾಗ ಅತ್ತೆ ಕುರ್ಚಿ ಕಂಕುಳಿಗೆ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು.

ಅತ್ತೆಗೆ ಕಿವಿ ಬಲು ಮಂದ. ನಾಯಿ ಬಂದರೆ ಕೇಳಿಸದು. ಹಾಗಾಗಿ ಕೂತಷ್ಟು ಹೊತ್ತೂ ಕತ್ತನ್ನು ಎಡಕ್ಕೂ ಬಲಕ್ಕೂ ಹೊರಳಿಸುತ್ತಲೇ ಇರುತ್ತಾರೆ.

ಇಂದು ಅವರೇ ಮೊದಲು ಕಂಡದ್ದು. ಗೂಡಿನ ಕತ್ತಲಿನಿಂದ ಒಂದು ಕಂದು ನಾಯಿ, ಅದರ ಹಿಂದೆ ಎರಡು. ಅತ್ತೆ ಕೂಗುವುದಿಲ್ಲ. ಎದ್ದು, ಕೋಲನ್ನು ಅಡ್ಡ ಹಿಡಿದು, ಸೊಸೆಯ ಕಾಲ ಬುಡಕ್ಕೆ ಹಿಂದಡಿಯಿಟ್ಟು ಬಂದು ನಿಲ್ಲುತ್ತಾರೆ. ಬೋರಲಕ್ಕ ತಿರುಗಿ ನೋಡಿ ಬಿಳಿಚಿಕೊಳ್ಳುತ್ತಾರೆ. ಒಂದು ಕೈ ಆಗಲೇ ನೆಲಕ್ಕೆ ಊರಿದೆ, ಏಳಲು.

"ಏಳಬೇಡ ಕಣೇ," ಎನ್ನುತ್ತಾರೆ ಅತ್ತೆ, ನಾಯಿಗಳ ಮೇಲಿಟ್ಟ ಕಣ್ಣು ಕೀಳದೆ. "ನೀನು ಹೂವು ನೋಡು. ಇವನ್ನ ನಾನು ನೋಡ್ಕೋತೀನಿ."

ಕಂದು ನಾಯಿ ನಿಂತು ಗುರ್ ಎನ್ನುತ್ತದೆ. ಮುದುಕಿ ಕದಲುವುದಿಲ್ಲ. ಬೋರಲಕ್ಕ ಮತ್ತೆ ಕ್ಯಾಮೆರಾಕ್ಕೆ ಕಣ್ಣಿಡುತ್ತಾರೆ. ಆಸರೆಗಿಟ್ಟ, ಕಾಳು ತುಂಬಿದ ಪುಟ್ಟ ಚೀಲದ ಮೇಲೆ ಕ್ಯಾಮೆರಾವನ್ನು ಒತ್ತಿ ಹಿಡಿದರೂ ಎದೆಬಡಿತಕ್ಕೆ ಚೌಕಟ್ಟು ತೊನೆಯುತ್ತದೆ. ಕಣ್ಣು ಮುಚ್ಚಿ ತೆರೆದು, ಉಸಿರು ಪೂರ್ತಿ ಹೊರಗೆ ಬಿಟ್ಟು, ಕ್ಲಿಕ್ ಎನ್ನಿಸುತ್ತಾರೆ. ಮತ್ತೊಮ್ಮೆ. ಮತ್ತೊಮ್ಮೆ. ಅವರು ತಲೆ ಎತ್ತುವಷ್ಟರಲ್ಲಿ ನಾಯಿಗಳು ಬೇಸತ್ತಂತೆ ಗೂಡಿನತ್ತ ತಿರುಗಿವೆ.

ಸ್ಟುಡಿಯೊದಲ್ಲಿ ಕಂಪ್ಯೂಟರಿನ ಪರದೆಯ ತುಂಬ ಹೂವು ಅರಳುತ್ತದೆ. ಕೇಸರದ ತುದಿಯಲ್ಲಿ ಹಳದಿ ಪುಡಿ, ಎಸಳ ಅಂಚಿನಲ್ಲಿ ಒಂದು ಹನಿ. ಚೂರೂ ಕಲಸಿಲ್ಲ. ಬೋರಲಕ್ಕ ಬಹಳ ಹೊತ್ತು ನೋಡುತ್ತಾರೆ. "ಭಯ ಹೋಯ್ತು ಅಂದ್ರೆ ಸುಳ್ಳಾಗುತ್ತೆ. ನಾಳೆ ಇನ್ನೊಂದು ಮೂಲೇಲಿ ಹಳದಿ ಹೂವಿದೆ. ಅದನ್ನೂ ತೆಗೀಬೇಕು. ಅತ್ತೆಗೆ ನೋಡಿ, ಭಯ ಅನ್ನೋದೇ ಗೊತ್ತಿಲ್ಲ. ಅದೇ ಧೈರ್ಯದ ಮೇಲೆ ಮಲಗ್ತೀನಿ," ಎಂದು, ಗಿರಾಕಿ ಬಂದ ಸದ್ದಿಗೆ ಹೊರಗೆ ಹೋಗುತ್ತಾರೆ.

ಸೊಸೆ ಏನೆಂದಳು ಎಂದು ಪಕ್ಕದಲ್ಲೇ ಕೂತಿದ್ದ ಅತ್ತೆ ಕೇಳುತ್ತಾರೆ. ಪತ್ರಿಕೆಯಿಂದ ಬಂದವರು ಅವರ ಕಿವಿಗೆ ಬಾಗಿ ಹೇಳುತ್ತಾರೆ. ಮುದುಕಿ ಬಾಗಿಲಿನ ಕಡೆ ನೋಡಿ, ಸೀರೆಯ ಮೇಲೆ ಅಂಗೈ ಒರೆಸಿಕೊಳ್ಳುತ್ತಾರೆ. ಅಂಗೈ ಇನ್ನೂ ಬೆವರುತ್ತಿದೆ. ಚಿಕ್ಕವರಿದ್ದಾಗ ಅವರ ಅಣ್ಣನನ್ನು ನಾಯಿ ಕಚ್ಚಿತ್ತಂತೆ, ಅಣ್ಣ ಉಳಿಯಲಿಲ್ಲವಂತೆ. ಅಂದಿನಿಂದ ನಾಯಿ ಕಂಡರೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆದವರು. ಈಗ ಬಯಲಿನಲ್ಲಿ ಕೂತಷ್ಟು ಹೊತ್ತೂ ಕೈಕಾಲು ತಣ್ಣಗಾಗಿರುತ್ತದೆ.

"ಅವಳಿಗೆ ಗೊತ್ತಾದ್ರೆ ಮಲಗಲ್ಲ," ಎನ್ನುತ್ತಾರೆ.

ಇದನ್ನೆಲ್ಲ ಬರೆಯಬಹುದೇ ಎಂದು ಕೇಳಿದರೆ ಸ್ವಲ್ಪ ಯೋಚಿಸುತ್ತಾರೆ.

"ಬರೀರಿ. ಆದ್ರೆ ಹೂವಿನ ಕಾಲ ಮುಗಿದ ಮೇಲೆ ಹಾಕಿ."