ಬೆರಳಿನಡಿ ಮುಚ್ಚಿದ ಎರಡು ಸಾಲು

ಒಬ್ಬ ವಿಧವೆಯನ್ನು ಅವಳಿದ್ದ ಕೋಣೆಯಿಂದ ಹೊರಹಾಕಿಸಲು ನಾನು ದೇವರ ವಾಕ್ಯವನ್ನು ತುಂಡರಿಸಿ ಓದಿದೆ. ಮರೆತಲ್ಲ, ಕಣ್ತಪ್ಪಿ ಅಲ್ಲ — ಬೇಕೆಂದೇ.

ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರದಲ್ಲಿ ನಮ್ಮ ಕ್ರೈಸ್ತ ಸಭೆಯ ಹಿರಿಯಮ್ಮನ ಮನೆಯಲ್ಲಿ ಪ್ರತಿ ಬುಧವಾರ, ಊಟದ ಪಾತ್ರೆ ತೊಳೆದಾದ ಮೇಲೆ, ಹೆಂಗಸರ ಪ್ರಾರ್ಥನೆ. ಓದುವವಳೊಬ್ಬಳೇ ಪುಸ್ತಕ ತೆರೆಯುವುದು, ಮಿಕ್ಕವರು ಸೆರಗು ಹೊದ್ದು ಕಣ್ಣು ಮುಚ್ಚಿ ಕೇಳುವುದು ನಮ್ಮ ಪದ್ಧತಿ. ಓದುವವಳು ನಾನು. "ನೀವು ಓದಿದ್ರೆ ಮಾತ್ರ ನಂಗೆ ತೂಕಡಿಕೆ ಬರಲ್ಲ ಕಣ್ರೀ," ಎಂದು ಹಿರಿಯಮ್ಮ ನಗುತ್ತಿದ್ದರು.

ಹಿತ್ತಿಲ ಕೋಣೆಯನ್ನು ಅವರು ಜರಗನಹಳ್ಳಿಯ ಸುಶೀಲಮ್ಮನಿಗೆ ಬಿಟ್ಟುಕೊಟ್ಟಿದ್ದರು. ಗಂಡ ಸತ್ತವಳು, ಸಭೆಗೆ ಸೇರಿ ಎರಡೇ ವರ್ಷ, ಓದುಬರಹ ಬಾರದು. ಆ ಕೋಣೆ ಹೊಸದಾಗಿ ಮದುವೆಯಾದ ನನ್ನ ತಂಗಿಗೆ ಸಿಗಲಿ ಎಂಬ ಆಸೆ ನನಗೆ — ಆಸೆ ಎಂದರೆ ಮರ್ಯಾದೆಯ ಮಾತಾಯಿತು, ಹೊಂಚು. ಒಂದು ದಿನ ರಾಗಿಹಿಟ್ಟು ಕೇಳಲು ಹೋದಾಗ ಅವಳ ಡಬ್ಬದಲ್ಲಿ ಹಳದಿ ಬಟ್ಟೆ ಸುತ್ತಿದ ಹಿತ್ತಾಳೆಯ ಪುಟ್ಟ ದೇವಿ ಕಂಡಿತು.

"ನಮ್ಮವ್ವಂದು ಅಕ್ಕಾ. ಪೂಜೆಗೀಜೆ ಏನಿಲ್ಲ. ಎಸೆಯಕ್ಕೆ ಕೈ ಬರಲ್ಲ."

ಹಿಟ್ಟು ಇಸಿದುಕೊಂಡು ನಗುತ್ತಲೇ ಬಂದೆ.

ಆ ಬುಧವಾರ ನಾನು ಆರಿಸಿದ್ದು, ಯೆಹೂದ್ಯರ ಪ್ರವಾದಿಯೊಬ್ಬ ದೇವಾಲಯದ ಬಾಗಿಲಲ್ಲಿ ನಿಂತು ತನ್ನ ಜನರನ್ನು ಗದರಿದ ಭಾಗ. ಅನ್ಯದೇವರುಗಳ ಹಿಂದೆ ಹೋದದ್ದಕ್ಕೆ ದೇವರ ತೀರ್ಪು, ನೆಲ ಬಿಟ್ಟು ಹೋಗಬೇಕಾದ ಶಿಕ್ಷೆ. ಅದೇ ಉಸಿರಿನಲ್ಲಿ ಅವನು ಇನ್ನೊಂದನ್ನೂ ಹೇಳುತ್ತಾನೆ — ಪರದೇಶಿಯನ್ನು, ಅನಾಥರನ್ನು, ವಿಧವೆಯನ್ನು ಪೀಡಿಸದಿದ್ದರೆ ಇಲ್ಲೇ ಉಳಿಯುವಿರಿ ಎಂದು. ಆ ಎರಡು ಸಾಲಿನ ಮೇಲೆ ಬೆರಳಿಟ್ಟು ದಾಟಿದೆ. ಪುಸ್ತಕ ಮುಚ್ಚಿ, "ವಿಗ್ರಹ ಈ ಕಾಂಪೌಂಡಲ್ಲೇ ಇದೆ, ಸುಶೀಲಮ್ಮನ ಡಬ್ಬದಲ್ಲಿ," ಎಂದೆ.

ಹಿರಿಯಮ್ಮ ಡಬ್ಬ ತರಿಸಿ ನೋಡಿದರು. "ಥೂ, ನಮ್ಮನೇಲೇ ಇಟ್ಕೊಂಡಿದ್ಯಲ್ಲೇ! ಶನಿವಾರದೊಳಗೆ ಖಾಲಿ ಮಾಡು."

ಹೊರಡುವ ದಿನ ಸುಶೀಲಮ್ಮ ನನ್ನ ಅಡುಗೆಮನೆ ಬಾಗಿಲಿಗೆ ಬಂದಳು. "ಅಕ್ಕಾ, ನೀವು ಓದ್ದೋರು. ಆ ಪ್ರವಾದಿ ನನ್ನಂಥೋರ್ಗೆ ಬೇರೆ ಏನೂ ಹೇಳಿಲ್ವಾ?"

"ಇಲ್ಲ. ಅಷ್ಟೇ ಇರೋದು." ಸಾರು ಕಲಕುತ್ತಲೇ ಹೇಳಿದೆ.

"ಹಂಗಾದ್ರೆ ಸರಿ ಬಿಡಿ," ಎಂದು ಹೋದಳು. ದೇವರ ಬಳಿ ತನಗೆಂದು ಒಂದು ಮಾತೂ ಇಲ್ಲವೆಂದು ನಂಬಿ ಹೋದಳು — ನನ್ನ ಬಾಯಿಂದ ಕೇಳಿ.

ಆ ಪ್ರವಾದಿ ಗದರಿದ್ದು ತನ್ನವರನ್ನು. ಗದರಿ, ಅವರಿಗಾಗಿ ಅತ್ತನು. ನಾನು ಅವನ ಮಾತನ್ನು ಕದ್ದು ಇನ್ನೊಬ್ಬಳ ಮೇಲೆ ಎಸೆದೆ, ಒಣಗಣ್ಣಲ್ಲಿ, ಮತ್ತೆ ಅದೇ ಸಂಜೆ ಆ ಕೋಣೆಯ ಕಿಟಕಿಗೆ ಪರದೆಯ ಅಳತೆ ತೆಗೆದುಕೊಂಡೆ. ತಂಗಿ ಅಲ್ಲಿ ಎಂಟು ವರ್ಷ ಸಂಸಾರ ಮಾಡಿದಳು. ಅಲ್ಲಿ ಕೂತು ಕಾಫಿ ಕುಡಿದೆ, ರುಚಿಯಾಗಿಯೇ ಇತ್ತು. ಬುಧವಾರಗಳಂದು ಓದುತ್ತಲೇ ಇದ್ದೆ. ಹೊಗಳಿದರೆ ತಲೆ ತಗ್ಗಿಸಿ ವಿನಯ ತೋರುತ್ತಿದ್ದೆ.

ಅವಳು ತಲಘಟ್ಟಪುರದ ಕಡೆ ಹೋದಳೆಂದು ಮಾರನೇ ವಾರವೇ ಗೊತ್ತಾಗಿತ್ತು. ಆ ದಾರಿಯ ಬಸ್ಸಿನಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಒಮ್ಮೆಯೂ ಇಳಿಯಲಿಲ್ಲ. ಇಳಿದಿದ್ದರೆ ಮೂರು ಮಾತು ಸಾಕಿತ್ತು — ನಿನಗೂ ಹೇಳಿದ್ದಾನೆ, ಸುಶೀಲಾ.